ಎಡ ತಿರುವಿನ ದೋಷ

ನಮ್ಮೂರಿನಲ್ಲಿ ಬೆಳಗಿನ ಮೂರು ಸುತ್ತು ಮುಗಿಯುವ ತನಕ ಯಾವ ಗಾಲಿಯೂ ಉರುಳುವುದಿಲ್ಲ. ಎತ್ತು ಕಟ್ಟಿಕೊಂಡು ಕೂತವರು ಕೂತೇ ಇರುತ್ತಾರೆ. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ ಬೀಡಿ ಸೇದುತ್ತ ನಿಂತಿರುತ್ತಾರೆ. ಬಾವಿಯ ರಾಟೆ ಕೂಡ ಹಗ್ಗ ಎಷ್ಟು ಜಗ್ಗಿದರೂ ಕದಲುವುದಿಲ್ಲ. ಆ ಮೂರು ಸುತ್ತು ಹಾಕುತ್ತಿದ್ದವಳು ನಾನು. ನನಗಿಂತ ಮುಂಚೆ ನನ್ನ ಸೋದರತ್ತೆ ಹಾಕುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದ ವರ್ಷ ಪೆಟ್ಟಿಗೆ ನನ್ನ ಕೈಗೆ ಬಂತು. ಹತ್ತೊಂಬತ್ತು ವರ್ಷ ನನ್ನ ಕೈಯಲ್ಲೇ ಇತ್ತು.

ಪೆಟ್ಟಿಗೆ ಎಂದರೆ ರೇಸಿನ ಪೆಟ್ಟಿಗೆ. ಎರಡು ಅಂಗೈ ಜೋಡಿಸಿ ಹಿಡಿದರೆ ಅದರೊಳಗೆ ಕೂರುವಷ್ಟು ದೊಡ್ಡ ಆಟದ ಯಂತ್ರ. ನಡುವೆ ಬೆಂಕಿಪೊಟ್ಟಣದಷ್ಟು ಪರದೆ. ಎಡಕ್ಕೆ ಹೊರಳಿಸಲು ಎಡಗಡೆ ಒಂದು ಬಟನ್ನು, ಬಲಕ್ಕೆ ಹೊರಳಿಸಲು ಬಲಗಡೆ ಒಂದು. ಪರದೆಯ ಮೇಲೆ ಎಂಟು ಪುಟಾಣಿ ಗಾಡಿಗಳು ಓಡುತ್ತವೆ. ಕೆಂಪು ಟೋಪಿಯವನ ಗಾಡಿ ನಾವು ಓಡಿಸುವುದು, ಉಳಿದ ಏಳನ್ನು ಪೆಟ್ಟಿಗೆಯೇ ಓಡಿಸಿಕೊಳ್ಳುತ್ತದೆ. ಚಾವಡಿಯ ಕಲ್ಲಿನ ಮೇಲೆ ಕೂತು ಹಾಕಿದ ಸುತ್ತಿನಲ್ಲಿ ಆ ಗಾಡಿಗಳು ಹೇಗೆ ಹೋದವೋ ಊರಿನ ಗಾಲಿಗಳೂ ಅವತ್ತು ಹಾಗೆಯೇ ಹೋಗುತ್ತವೆ. ಸೇತುವೆಯ ಗೋಡೆಗೆ ಒರಸಿಕೊಂಡು ಹೋದರೆ ಊರಿನ ಗಾಡಿಗಳೆಲ್ಲ ಸಂಜೆ ಬಣ್ಣ ಕೆರೆಸಿಕೊಂಡು ಬರುತ್ತವೆ. ಹಿಂದಿನವರನ್ನು ಜಾರಿಸಲು ಎಣ್ಣೆ ಚೆಲ್ಲುವ ಬಟನ್ನೂ ಒಂದಿದೆ. ಹೊಸದರಲ್ಲಿ ಒಂದು ಸಲ ಆಸೆಗೆ ಒತ್ತಿದ್ದೆ. ಅವತ್ತು ಸಂತೆ ದಾರಿಯಲ್ಲಿ ಹನ್ನೊಂದು ಜನ ಸೈಕಲ್ಲು ಸಮೇತ ಕುಂಡೆಯೂರಿ ಕೂತರು. ಅವರಲ್ಲಿ ಚಾವಡಿಯ ಹಿರಿಯರು ರುದ್ರಪ್ಪನವರೂ ಒಬ್ಬರು. ಗಂಜಿ ಹಾಕಿದ ಹೊಸ ಪಂಚೆ ಉಟ್ಟಿದ್ದರು. ಆಮೇಲೆ ನಾನು ಆ ಬಟನ್ನಿನ ಕಡೆ ಬೆರಳು ತಿರುಗಿಸಿಲ್ಲ.

ಸುತ್ತು ಹಾಕುವವಳಿಗೆ ಎರಡು ಕಟ್ಟಳೆಗಳಿವೆ. ಒಂದು, ಅವಳು ಗಾಲಿಯಿರುವ ಯಾವುದನ್ನೂ ಹತ್ತುವಂತಿಲ್ಲ. ಹತ್ತೊಂಬತ್ತು ವರ್ಷ ನಾನು ತಂಗಿಯ ಮನೆಗೆ, ಸಂತೆಗೆ, ಮದುವೆಗೆ, ಎಲ್ಲಕ್ಕೂ ನಡೆದೇ ಹೋಗಿದ್ದೇನೆ. ಇನ್ನೊಂದು, ಸಂಜೆ ಹೊತ್ತು ಊರಿಗೆ ಮರಳಿದ ಪ್ರತಿಯೊಂದು ಗಾಡಿಯವರೂ ಅವಳ ಮನೆಯ ಮುಂದೆ ನಿಂತು ಕೂಗಿ ಹೋಗಬೇಕು. "ಚೆಲುವಕ್ಕಾ, ಬಂದ್ವೀ!" ಎಂದು ಅವರು. "ಸರಿ, ಒಳಗೋಗಿ" ಎಂದು ನಾನು. ಸಾರಿಗೆ ಒಗ್ಗರಣೆ ಹಾಕುತ್ತಲೋ ಕಸ ಗುಡಿಸುತ್ತಲೋ ಕೂಗುಗಳನ್ನು ಕಿವಿಯಲ್ಲೇ ಆಯ್ದುಕೊಳ್ಳುತ್ತಿದ್ದೆ. ಯಾರದು ಬಂತು, ಯಾರದು ಬರಬೇಕು ಎಂದು ನನ್ನ ಹೊಟ್ಟೆಗೆ ಗೊತ್ತಾಗುತ್ತಿತ್ತು. ಕೊನೆಯ ಕೂಗು ಬಂದ ಮೇಲೇ ನಾನು ತಟ್ಟೆ ಹಾಕಿಕೊಳ್ಳುತ್ತಿದ್ದದ್ದು. ಯಾರಾದರೂ ಬಂದು ಬದುಕಿನಲ್ಲಿ ನಿನಗೇನು ಸಿಕ್ಕಿತು ಎಂದು ಕೇಳಿದ್ದರೆ ಆ ಕೂಗುಗಳನ್ನೇ ತೋರಿಸುತ್ತಿದ್ದೆ.

ಆ ಕೂಗು ಕೈತಪ್ಪೀತು ಎಂಬ ಭಯಕ್ಕೇ ನಾನೊಂದು ಸುಳ್ಳು ಹೇಳಿದೆ.

ಹೋದ ವರ್ಷ ಮಾಘದಲ್ಲಿ ನನ್ನ ಎಡಗೈ ಹೆಬ್ಬೆರಳು ಬಿಗಿಯಿತು. ಒಂದು ದಿನ ಬೆಳಿಗ್ಗೆ ಎದ್ದರೆ ಗೆಣ್ಣು ಒಣಗಿದ ಬೆಂಡೆಕಾಯಿ ಹಾಗೆ ನಿಂತಿತ್ತು. ಬಿಸಿನೀರಲ್ಲಿ ಅದ್ದಿದರೆ ಸ್ವಲ್ಪ ಬಗ್ಗುತ್ತಿತ್ತು, ಮತ್ತೆ ಮುಷ್ಕರ. ಅವತ್ತು ಸುತ್ತಿನಲ್ಲಿ ಎಡ ತಿರುವು ಬಂದಾಗ ಒತ್ತಿದೆ. ಬೆರಳು ಕೆಳಗಿಳಿಯುವಷ್ಟರಲ್ಲಿ ಕೆಂಪು ಟೋಪಿಯವನು ತಿರುವು ದಾಟಿ ಎದುರಿನ ಬೇಲಿಗೆ ನುಗ್ಗಿದ್ದ. ಅವತ್ತು ಮಧ್ಯಾಹ್ನ ಕುಂಬಾರ ತಾಯಮ್ಮ ಒಡೆದ ಮಡಕೆಯ ಕಂಠ ಹಿಡಿದುಕೊಂಡು ಬಂದಳು. ಸಂತೆ ದಾರಿ ಎಡಕ್ಕೆ ಹೊರಳುವಲ್ಲಿ ಅವಳ ಮನೆ ಸರಿಯಾಗಿ ಎದುರಿಗಿದೆ. ಸೂರಿನ ಕೆಳಗೆ ಮಡಕೆ ಜೋಡಿಸಿಟ್ಟಿರುತ್ತಾಳೆ.

"ಏನ್ ಚೆಲುವಕ್ಕ, ನಾಕು ಗಾಡಿ, ಎರಡು ಸೈಕಲ್ಲು, ಎಲ್ಲಾ ತಿರುವು ಮರೆತು ನನ್ನ ಜಗಲಿಗೇ ಬಂದ್ವಲ್ಲ! ನಿದ್ದೆಗಣ್ಣಲ್ಲಿ ಹಾಕಿದ್ಯಾ ಸುತ್ತನ್ನ?"

"ಬಟನ್ನು ಹಿಡ್ಕೊಳ್ತೈತೆ ತಾಯಕ್ಕ. ಎಡಗಡೇದು," ಎಂದೆ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಒಂದು ಸಲ ಹೇಳಿದ ಮೇಲೆ ಅದನ್ನು ಸಾಕಲೇಬೇಕಾಯಿತು. ರೇಡಿಯೋ ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿ, ಊದಿ, ಒರಸಿ, "ಏನೂ ಇಲ್ವಲ್ಲಮ್ಮ, ಹೊಸದರ ಹಂಗೈತೆ" ಎಂದ. ನಾನು, "ನೀನು ಒತ್ತಿದ್ರೆ ಸರಿ ಇರ್ತದೆ, ನಾನು ಒತ್ತಿದ್ರೆ ಹಿಡ್ಕೊಳ್ತದೆ" ಎಂದೆ. ಅದು ನಿಜವೂ ಆಗಿತ್ತು. ಅವನು ತಲೆ ಕೆರೆದುಕೊಂಡು ಹೋದ.

ವರ್ಷವಿಡೀ ಊರು ಎಡ ತಿರುವಿಗೆ ಹೊಂದಿಕೊಂಡಿತು. ಗಾಡಿ ಹೊಡೆಯುವವರು ತಿರುವಿಗೆ ಹತ್ತು ಮಾರು ಮುಂಚೆಯೇ ಎತ್ತಿನ ಮೂಗುದಾರ ಜಗ್ಗುವುದನ್ನು ಕಲಿತರು. ಟೆಂಪೋ ಜವರಣ್ಣ ಎಡಕ್ಕೆ ಹೋಗಬೇಕಾದಾಗಲೆಲ್ಲ ಮೂರು ಸಲ ಬಲಕ್ಕೆ ಹೊರಳಿ ಊರು ಸುತ್ತಿ ಬರುತ್ತಿದ್ದ. ತಾಯಮ್ಮನ ಗತಿ ಮಾತ್ರ ಕೆಟ್ಟಿತು. ಸೂರಿನ ಕೆಳಗಿನ ಮಡಕೆ ಒಡೆಯುವುದು ಹಾಗಿರಲಿ, ಅವಳ ತಿಗರಿಯೂ ಗಾಲಿಯೇ ತಾನೆ? ಅದರ ಮೇಲೆ ಎದ್ದ ಮಡಕೆಗಳೆಲ್ಲ ಬಲಕ್ಕೆ ವಾಲಿಕೊಂಡೇ ಹುಟ್ಟಿದವು. "ತಾಯಮ್ಮನ ಮಡಕೆ ಒಳ್ಳೇದು ಕಣ್ರಪ್ಪ, ಸಾರು ಬಗ್ಗಿಸೋ ಕೆಲಸವಿಲ್ಲ, ತಾನೇ ಬಗ್ಗಿರ್ತದೆ" ಎಂದು ಜವರಣ್ಣ ಸಂತೆಯಲ್ಲಿ ನಗೆಯಾಡಿದ. ಅವಳು ಅವನ ಮೇಲೆ ಹಸಿ ಮಣ್ಣಿನ ಮುದ್ದೆ ಎಸೆದಳು.

ಪುಷ್ಯದಲ್ಲಿ ಅವರೆಕಾಯಿ ಕೊಯ್ಲು ಮುಗಿದ ಮೇಲೆ ನಮ್ಮಲ್ಲಿ ಗುಣದೋಷದ ದಿನ ಬರುತ್ತದೆ. ಸುತ್ತು ಹಾಕುವವಳು ಮುಂದೊಂದು ಮೊರ ಇಟ್ಟುಕೊಂಡು ಚಾವಡಿಯಲ್ಲಿ ಕೂರಬೇಕು. ಪೆಟ್ಟಿಗೆಯ ಒಂದೊಂದು ಗುಣ ಹೇಳಿ ಮೊರದ ಬಲಗಡೆ ಒಂದೊಂದು ಅವರೆಕಾಳು, ಒಂದೊಂದು ದೋಷ ಹೇಳಿ ಎಡಗಡೆ ಒಂದೊಂದು ಕಲ್ಲು. ಮುಚ್ಚಿಡುವಂತಿಲ್ಲ, ಹೆಚ್ಚು ಹೇಳುವಂತೆಯೂ ಇಲ್ಲ. ಎಲ್ಲ ಮುಗಿದ ಮೇಲೆ ರುದ್ರಪ್ಪನವರು, "ಪೆಟ್ಟಿಗೆ ಇರ್ಲೋ, ಹೋಗ್ಲೋ?" ಎಂದು ಕೇಳುತ್ತಾರೆ. ಊರು ಕೂಗಿ ಹೇಳುತ್ತದೆ. ಇಷ್ಟು ವರ್ಷ "ಇರ್ಲಿ" ಎಂದೇ ಕೂಗಿದ್ದು. ಬೇರೆ ಪೆಟ್ಟಿಗೆ ಎಲ್ಲಿತ್ತು?

ಈ ವರ್ಷ ಇತ್ತು. ತಾಯಮ್ಮನ ಸೊಸೆ ವಿಶಾಲು ತೌರಿನಿಂದ ತಂದಿದ್ದಳು. ಮದುವೆಯಾಗಿ ಬಂದು ಒಂದೂವರೆ ವರ್ಷವಾಗಿದ್ದ ಹೆಣ್ಣು, ಹೊರಗಿನ ಊರಿನವಳು. "ನಮ್ಮೂರಲ್ಲಿ ಗಾಲಿಗಳು ಅವುಗಳ ಪಾಡಿಗೆ ಉರುಳ್ತವೆ ಅತ್ತೆ. ಇದು ಅಲ್ಲಿ ಬರೀ ಆಟ, ಬೇಜಾರಾದಾಗ ಆಡೋದು" ಎಂದು ಬಂದ ಹೊಸತರಲ್ಲಿ ಹೇಳಿ ಬೀದಿಯವರನ್ನೆಲ್ಲ ನಗಿಸಿದ್ದಳು. ಅವಳು ತಂದ ಪೆಟ್ಟಿಗೆ ನಮ್ಮದರ ಎರಡರಷ್ಟು ಅಗಲ. ಪರದೆಯ ಮೇಲೆ ನವಿಲಿನ ಮೈಯಂಥ ಬಣ್ಣ. ಬಿಸಿಲಲ್ಲಿ ಹಿಡಿದರೂ ಕಾಣುತ್ತದೆ. ಓಡಿಸಲು ಮೂವತ್ತೆರಡು ದಾರಿಗಳು. ಹಿಂದೆ ಯಾರು ಬರುತ್ತಿದ್ದಾರೆಂದು ತೋರಿಸಲು ಮೂಲೆಯಲ್ಲಿ ಒಂದು ಪುಟ್ಟ ಕನ್ನಡಿ ಬೇರೆ.

"ನನ್ನ ಮಡಕೆ ಉಳೀಬೇಕಾದ್ರೆ ಇದೇ ಸರಿ. ನಾಳೆ ಗುಣದೋಷ, ಇವತ್ತೊಂದಿನ ಇದರಲ್ಲಿ ಹಾಕಿ ನೋಡೋಣ. ನನ್ನ ಸೊಸೇನೆ ಹಾಕ್ತಾಳೆ," ಎಂದು ತಾಯಮ್ಮ ಚಾವಡಿಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ರುದ್ರಪ್ಪನವರು ನನ್ನ ಮುಖ ನೋಡಿದರು. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಬಟನ್ನು ಕೆಟ್ಟಿದೆ ಎಂದು ವರ್ಷದಿಂದ ಹೇಳಿದವಳು ನಾನೇ.

ವಿಶಾಲು ಕಲ್ಲಿನ ಮೇಲೆ ಕೂತು, ತುಟಿ ಕಚ್ಚಿಕೊಂಡು, ನಾನು ಒಂದು ಸುತ್ತು ಹಾಕುವಷ್ಟರಲ್ಲಿ ಮೂರನ್ನೂ ಮುಗಿಸಿದಳು. ಎಂಥ ಕೈ! ಎಡ ತಿರುವುಗಳನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಕೊಯ್ದಳು. ಕೊನೆಯ ಸುತ್ತಿನಲ್ಲಿ ಬೇಲಿಯ ಸಂದಿಯೊಂದು ಕಂಡಿತು. ಗಾಡಿಯನ್ನು ಅದರೊಳಗೆ ನುಗ್ಗಿಸಿ, ಯಾರದೋ ಹಿತ್ತಿಲು ಹಾಯ್ದು, ಉಳಿದವರಿಗಿಂತ ಅರ್ಧ ಊರು ಮುಂದೆ ಹೋಗಿ ಗೆದ್ದಳು. ನೋಡುತ್ತಿದ್ದವರು ಶಿಳ್ಳೆ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ, ಹೆಬ್ಬೆರಳು ಒಳಗೆ ಮಡಚಿಕೊಂಡು.

ಆಮೇಲೆ ಗಾಲಿಗಳು ಎದ್ದವು. ನಾನೂ ತಾಯಮ್ಮನೂ ಅವಳ ಜಗಲಿಯ ಮೇಲೆ ನಿಂತು ನೋಡಿದೆವು. ಎತ್ತಿನ ಗಾಡಿ, ಸೈಕಲ್ಲು, ಟೆಂಪೋ ಎಲ್ಲ ಎಡಕ್ಕೆ ಎಷ್ಟು ಚೊಕ್ಕವಾಗಿ ಹೊರಳಿದವೆಂದರೆ ಸೂರಿನ ಕೆಳಗಿನ ಒಂದು ಮುಚ್ಚಳವೂ ಅಲ್ಲಾಡಲಿಲ್ಲ. ಒಳಗೆ ತಿಗರಿಯ ಮೇಲೆ ಮಡಕೆ ನೆಟ್ಟಗೆ ಎದ್ದಿತು. ತಾಯಮ್ಮ ಅದನ್ನು ಎತ್ತಿ ಮೊಮ್ಮಗುವನ್ನು ನೋಡುವ ಹಾಗೆ ನೋಡಿದಳು.

"ನೋಡ್ದಾ ಚೆಲುವಕ್ಕ?"

"ನೋಡ್ದೆ ಕಣೆ."

ಅಷ್ಟರಲ್ಲಿ ರುದ್ರಪ್ಪನವರ ಮನೆಯ ಕಡೆಯಿಂದ ಗದ್ದಲ ಕೇಳಿಸಿತು. ವಿಶಾಲು ಬೇಲಿಯ ಸಂದಿಯಲ್ಲಿ ನುಗ್ಗಿದ್ದಳಲ್ಲ, ಊರಿನ ಗಾಲಿಗಳೂ ನುಗ್ಗಿದವು. ಜವರಣ್ಣನ ಟೆಂಪೋ ರುದ್ರಪ್ಪನವರ ಹಿತ್ತಿಲ ಬೇಲಿ ದಾಟಿ, ಒಣಹಾಕಿದ್ದ ಸೀರೆಗಳ ನಡುವೆ ತೂರಿ, ಅವರ ಹೆಂಡತಿಯ ಹಳದಿ ಸೀರೆಯನ್ನು ಮುಂದಿನ ಗಾಜಿಗೆ ಹೊದ್ದುಕೊಂಡು ಸಂತೆ ತಲುಪಿತು. ಅದರ ಹಿಂದೆ ಮೂರು ಎತ್ತಿನ ಗಾಡಿ ಬದನೆ ಪಾತಿಯ ಮೇಲೆ ಹೋದವು. ನನ್ನ ಗಂಡ, ನಮ್ಮ ಯಜಮಾನರು, ದಿನಾ ಮನೆಮನೆಯ ಮುಂದೆ ನಿಂತು ಹಾಲು ಅಳೆಸಿಕೊಂಡು ಸೈಕಲ್ಲಿನಲ್ಲಿ ಡೈರಿಗೆ ಒಯ್ಯುವವರು. ಅವತ್ತು ಸೈಕಲ್ಲು ಯಾರ ಮನೆಯ ಮುಂದೂ ನಿಲ್ಲಲಿಲ್ಲ. ಎರಡು ಖಾಲಿ ಕ್ಯಾನು ಕಟ್ಟಿಕೊಂಡು, ಇಡೀ ಸೀಮೆಗೆ ಮೊದಲಿಗರಾಗಿ ಡೈರಿಯ ಬಾಗಿಲಲ್ಲಿ ಇಳಿದರು.

"ಏನ್ರೀ ಇದು, ಹಾಲೆಲ್ಲಿ?" ಎಂದು ಡೈರಿಯವನು ಕೇಳಿದನಂತೆ.

"ಹಾಲು ಹಿಂದೆ ಬರ್ತೈತೆ ಕಣಪ್ಪ, ನಾನು ಮುಂದೆ ಬಂದೆ" ಎಂದರಂತೆ ಇವರು.

ಮಧ್ಯಾಹ್ನಕ್ಕೆಲ್ಲ ಊರಿನ ಮುಕ್ಕಾಲು ಗಾಡಿಗಳು ಮನೆಗೆ ಮರಳಿದ್ದವು. ಕಟ್ಟಳೆಯಂತೆ ಎಲ್ಲರೂ ವಿಶಾಲುವಿನ ಬಾಗಿಲ ಮುಂದೆ ಕೂಗಿದರು. ನಮ್ಮ ಬೀದಿಯಲ್ಲಿ ಗಾಲಿಯ ಸದ್ದು ಬರುವುದು, ನಾನು ಒಲೆಯ ಮುಂದಿನಿಂದ ತಲೆಯೆತ್ತುವುದು, ಸದ್ದು ಹಾಗೇ ಮುಂದೆ ಹೋಗುವುದು. ನಾಲ್ಕು ಸಲ ಹಾಗಾಯಿತು. ಐದನೆಯ ಸಲ ತಲೆಯೆತ್ತಲಿಲ್ಲ. ಆದರೆ ಕೈಯಲ್ಲಿದ್ದ ಸೌಟು ತಾನಾಗಿಯೇ ನಿಂತಿತು.

ದೀಪ ಹಚ್ಚುವ ಹೊತ್ತಿಗೆ ಒಂದು ತಳ್ಳುಗಾಡಿ ಕಿರುಗುಟ್ಟುತ್ತ ಬಂದು ನಮ್ಮ ಬಾಗಿಲಲ್ಲೇ ನಿಂತಿತು. "ಚೆಲುವಕ್ಕಾ, ಬಂದೆ ಕಣವ್ವೋ! ಅಯ್ಯೋ, ಇವತ್ತು ನಿಂಗಲ್ಲ ಅಲ್ವಾ? ಮರ್ತೆ ನೋಡು."

ಕಡ್ಲೆಪುರಿ ಮಾರುವ ಕಾಳಕ್ಕ. ಎಪ್ಪತ್ತು ದಾಟಿದ ಮುದುಕಿ. ಗಾಡಿಯ ಮೇಲಿನ ಪುರಿಯ ಗುಡ್ಡ ಬೆಳಿಗ್ಗೆ ಹೋದ ಹಾಗೆಯೇ ಇತ್ತು.

"ಇದೇನು ಕಾಳಕ್ಕ, ಒಂದು ಸೇರೂ ಹೋಗಿಲ್ಲ?"

"ಯಾರಿಗೆ ಮಾರ್ಲಿ? ನಾನು ತಲುಪೋ ಹೊತ್ಗೆ ಸಂತೆ ಎದ್ದಿತ್ತು. ನಾನೂ ಒಂದು ನಾಯೀನೂ ಇಬ್ರೇ. ಅದಕ್ಕೊಂದು ಹಿಡಿ ಹಾಕ್ದೆ, ಮೂಸಿ ನೋಡಿ ಹೊಂಟೋಯ್ತು." ಬೊಚ್ಚು ಬಾಯಿ ತೆರೆದು ನಕ್ಕಳು. "ಬೆಳಿಗ್ಗೆ ಎಲ್ಲಾರ ಜೊತೇಲೇ ಹೊರಟೆ ಕಣವ್ವ. ಚಾವಡಿ ದಾಟೋದ್ರೊಳಗೆ ಎಲ್ಲಾ ಮಾಯ. ದಾರೀಲಿ ಧೂಳು ಕೂಡ ಕೂತ್ಬಿಟ್ಟಿತ್ತು. ಅದೇನೋ ನಿನ್ನ ಪೆಟ್ಟಿಗೇಲಿ ಆದ್ರೆ ಬೆನ್ನಿಗೆ ಯಾರೋ ಕೈ ಕೊಟ್ಟಂಗಾಗ್ತದೆ. ಸೇತುವೆ ಹತ್ರ ಹೋಗೋ ಹೊತ್ಗೆ ಆ ಜವರಣ್ಣನ ಟೆಂಪೋ ಪಕ್ಕದಲ್ಲೇ ಇರ್ತೀನಿ. ಅವನು ಹಾರನ್ ಹೊಡೀತಾನೆ, ನಾನು ಬೈತೀನಿ. ಇವತ್ತು ಬೈಯೋಕೂ ಯಾರೂ ಇರ್ಲಿಲ್ಲ."

ನಾನು ಅವಳಿಗೆ ನೀರು ಕೊಟ್ಟು ಕೂರಿಸಿದೆ. ಅವಳು ಹೇಳಿದ್ದು ನಮ್ಮ ಪೆಟ್ಟಿಗೆಯ ಹಳೆಯ ಚಾಳಿ. ಹಿಂದುಳಿದ ಗಾಡಿಗೆ ಅದು ತಾನಾಗಿ ವೇಗ ಕೊಡುತ್ತದೆ, ಮುಂದಿದ್ದವನನ್ನು ಕಾಣದ ಹಾಗೆ ಹಿಂದಕ್ಕೆ ಜಗ್ಗುತ್ತದೆ. ಎಷ್ಟು ಚೆನ್ನಾಗಿ ಓಡಿಸಿದರೂ ಕೊನೆಯ ಸುತ್ತಿಗೆ ಎಲ್ಲವೂ ಬಂದು ಬೆನ್ನಿಗೆ ಅಂಟಿಕೊಂಡಿರುತ್ತವೆ. ಆಡುವವಳಿಗೆ ಮೈ ಉರಿಯುತ್ತದೆ. ಹತ್ತೊಂಬತ್ತು ವರ್ಷವೂ ನಾನು ಇದನ್ನು ದೋಷವೆಂದು ಹೇಳಿ ಕಲ್ಲು ಹಾಕಿದ್ದೆ.

ಕಾಳಕ್ಕ ಹೋದ ಮೇಲೆ ಯಜಮಾನರಿಗೆ ಊಟಕ್ಕಿಟ್ಟೆ. ನನ್ನ ಎದೆಯಲ್ಲಿ ತಕ್ಕಡಿ ಆಡುತ್ತಿತ್ತು. ನಾಳೆ ಬಾಯಿ ಮುಚ್ಚಿಕೊಂಡು ಬಟನ್ನಿನ ಮೇಲೆ ಕಲ್ಲು ಹಾಕಿದರೆ ಹಳೆಯ ಪೆಟ್ಟಿಗೆ ಹೋಗುತ್ತದೆ, ಅದರ ಜೊತೆಗೆ ಕಾಳಕ್ಕನ ಸಂತೆಯೂ. ಆದರೆ ಪೆಟ್ಟಿಗೆ ಕೆಟ್ಟು ಚೆಲುವಕ್ಕ ಕೆಲಸ ಬಿಟ್ಟಳು ಎನ್ನುತ್ತಾರೆ, ನನ್ನ ಮಾನ ಉಳಿಯುತ್ತದೆ. ನಿಜ ಹೇಳಿದರೆ ಪೆಟ್ಟಿಗೆ ಉಳಿಯಬಹುದು. ಕೂಗಂತೂ ಹೋದ ಹಾಗೆಯೇ, ಮೇಲಿಂದ ಸುಳ್ಳಿಯ ಪಟ್ಟ.

"ರೀ, ಬಟನ್ನು ಕೆಟ್ಟಿಲ್ಲ" ಎಂದೆ.

"ಹೂಂ" ಎಂದರು, ಮುದ್ದೆ ಮುರಿಯುತ್ತ.

"ಹೂಂ ಅಂದ್ರೆ? ಗೊತ್ತಿತ್ತಾ?"

"ಒಂದು ವರ್ಷದಿಂದ ಉಪ್ಪಿನಕಾಯಿ ಜಾಡಿ ಮುಚ್ಚಳ ಯಾರು ತೆಗೀತಾವ್ರೆ ಅಂದ್ಕೊಂಡಿದ್ದೀಯ? ನಾನು ದಿನಾ ಎದ್ದು ಸಡ್ಲ ಮಾಡಿ ಇಡ್ತಿಲ್ವಾ?" ಸಾರಿಗೆ ಕೈ ತೋರಿಸಿದರು. "ಇನ್ನೊಂಚೂರು ಬಿಡು."

ಮರುದಿನ ಚಾವಡಿ ತುಂಬಿತ್ತು. ಸಾಮಾನ್ಯವಾಗಿ ಗುಣದೋಷಕ್ಕೆ ಅರ್ಧ ಊರು ಬರುತ್ತದೆ, ಅವತ್ತು ಇಡೀ ಊರು. ಎದುರಿಗೆ ಎರಡು ಪೆಟ್ಟಿಗೆಗಳನ್ನೂ ಒಂದೇ ಮಣೆಯ ಮೇಲೆ ಇಟ್ಟಿದ್ದರು. ರುದ್ರಪ್ಪನವರು ಸೀರೆಯ ವಿಷಯದಲ್ಲಿ ಹೆಂಡತಿಯಿಂದ ಬೆಳಿಗ್ಗೆಯೂ ಬೈಸಿಕೊಂಡು ಬಂದಿದ್ದರೆಂದು ಮುಖವೇ ಹೇಳುತ್ತಿತ್ತು. ನಾನು ಮೊರ ಮುಂದಿಟ್ಟುಕೊಂಡೆ.

"ಮೊದಲು ಗುಣ" ಎಂದು ಶುರುಮಾಡಿದೆ. "ಕೈತಪ್ಪಿ ಬಿದ್ರೂ ಒಡೆಯಲ್ಲ. ಒಂದ್ಸಲ ರಾಗಿಹಿಟ್ಟಿನ ಡಬ್ಬದಲ್ಲಿ ಎರಡು ದಿನ ಇತ್ತು, ತೆಗೆದು ಕೊಡವಿದ್ರೆ ಓಡ್ತು." ಒಂದು ಕಾಳು. "ಅಕ್ಷರ ಬರದಿದ್ದವರೂ ಓಡಿಸಬೌದು." ಒಂದು ಕಾಳು. "ನಾಕೇ ದಾರಿ. ಬಾಯಿಪಾಠ ಆಗಿರ್ತವೆ, ಗಾಬರಿ ಇಲ್ಲ." ಒಂದು ಕಾಳು. "ಹಳ್ಳಕ್ಕೆ ಬಿದ್ರೆ ಒಂದು ಕೊಕ್ಕರೆ ಬಂದು ಎತ್ತಿ ದಾರಿಗೆ ಬಿಡ್ತದೆ, ಬೈಯಲ್ಲ." ಕೊಕ್ಕರೆಯ ಮಾತಿಗೆ ಎಲ್ಲರೂ ತಲೆದೂಗಿದರು, ನಮ್ಮೂರ ಹಳ್ಳಕ್ಕೆ ಬಿದ್ದ ಗಾಡಿಗಳು ಊಟದ ಹೊತ್ತಿಗೆ ತಾವಾಗಿ ದಾರಿಯ ಮೇಲಿರುವುದು ಅದರಿಂದಲೇ.

"ಈಗ ದೋಷ. ಬಿಸಿಲಲ್ಲಿ ಏನೂ ಕಾಣಲ್ಲ." ಒಂದು ಕಲ್ಲು. "ಹಿಂದೆ ಯಾರು ಬರ್ತಾವ್ರೆ ಗೊತ್ತಾಗಲ್ಲ." ಕಲ್ಲು. "ಇರೋದು ಒಂದೇ ರಾಗ. ಕೇಳಿ ಕೇಳಿ ಊರಿನ ಕೂಸುಗಳು ಅದೇ ರಾಗದಲ್ಲಿ ಅಳ್ತವೆ." ಕಲ್ಲು. ಜನ ನಕ್ಕರು. "ಸೆಲ್ಲು ತಿನ್ನುತ್ತೆ. ಎಂಟು ವರ್ಷದ ಹಿಂದೆ ಎರಡನೇ ಸುತ್ತಲ್ಲಿ ಸೆಲ್ಲು ಸತ್ತು ಮದುವೆ ದಿಬ್ಬಣ ಮನೆ ಬಾಗಿಲಲ್ಲೇ ನಿಂತಿದ್ದು ನಿಮಗೂ ಗೊತ್ತು."

"ಗೊತ್ತಿಲ್ದೆ ಏನು, ಮದುವೆ ಗಂಡು ನಾನೇ!" ಎಂದು ಜವರಣ್ಣ ಕೂಗಿದ. "ಸೆಲ್ಲು ತರೋಕೆ ನಡ್ಕೊಂಡು ಹೋದವನೂ ನಾನೇ!"

ನಾನು ಇನ್ನೊಂದು ಕಲ್ಲು ಎತ್ತಿಕೊಂಡೆ. "ಹಿಂದುಳಿದವರನ್ನ ಎಳ್ಕೊಂಬಂದು ಮುಂದಿನವರ ಪಕ್ಕ ನಿಲ್ಲಿಸ್ತದೆ. ಗೆದ್ರೂ ಗೆದ್ದಂಗಿರಲ್ಲ. ಇದನ್ನ ಪ್ರತಿ ವರ್ಷ ದೋಷ ಅಂದಿದ್ದೀನಿ." ಕಾಳಕ್ಕ ಕಂಬಕ್ಕೊರಗಿ ನಿನ್ನೆ ಉಳಿದ ಪುರಿಯನ್ನು ಅಕ್ಕಪಕ್ಕದವರಿಗೆಲ್ಲ ಹಂಚುತ್ತಿದ್ದಳು, ನನ್ನ ಕಡೆ ಗಮನವೇ ಇರಲಿಲ್ಲ. ನಾನು ಕಲ್ಲನ್ನು ಕೆಳಗಿಟ್ಟು ಒಂದು ಅವರೆಕಾಳು ತೆಗೆದು ಬಲಗಡೆ ಹಾಕಿದೆ. "ನಿನ್ನೆ ಸಂತೆಗೆ ಕಾಳಕ್ಕನ ಪುರಿ ಬರ್ಲಿಲ್ಲ. ಈವತ್ತಿಂದ ಇದು ಗುಣ."

ಗುಸುಗುಸು ಎದ್ದಿತು. ತಾಯಮ್ಮನಿಗೆ ತಡೆಯಲಾಗಲಿಲ್ಲ. "ಅದೆಲ್ಲ ಇರ್ಲಿ, ಎಡಗಡೆ ಬಟನ್ನು ಹೇಳು. ಇಪ್ಪತ್ತೇಳು ಮಡಕೆ ಹೋಗವೆ ನಂದು. ಕಲ್ಲಲ್ಲ, ಅದಕ್ಕೆ ಬಂಡೆ ಹಾಕ್ಬೇಕು ನೀನು!"

ಕೊನೆಯ ಕಲ್ಲು ನನ್ನ ಎಡಗೈಯಲ್ಲಿತ್ತು. ಬೇಕೆಂದೇ ಆ ಕೈಯಲ್ಲಿ ಎತ್ತಿದ್ದೆ. ಹೆಬ್ಬೆರಳು ಬಗ್ಗದೆ ಕಲ್ಲು ಜಾರಿ ಮೊರದ ಹೊರಗೆ ಬಿತ್ತು. ಮತ್ತೆ ಎತ್ತಲು ಹೋದೆ, ಮತ್ತೆ ಜಾರಿತು. ಮೂರನೆಯ ಸಲ ಬಲಗೈಯಿಂದ ಎತ್ತಿ ನನ್ನ ಮಡಿಲಿಗೆ ಹಾಕಿಕೊಂಡೆ.

"ಈ ಕಲ್ಲು ಪೆಟ್ಟಿಗೇದಲ್ಲ. ನಂದು. ಬಟನ್ನು ಸರಿಯಾಗೈತೆ. ಕೆಟ್ಟಿರೋದು ನನ್ನ ಬೆರಳು. ಹೋದ ಮಾಘದಿಂದ ಸುಳ್ಳು ಹೇಳ್ಕೊಂಡು ಬಂದಿದ್ದೀನಿ. ನೀವು ಸಂಜೆ ಬಂದು ಕೂಗ್ತೀರಲ್ಲ, ಅದನ್ನ ಬಿಡೋಕಾಗ್ಲಿಲ್ಲ. ವಿಶಾಲು, ಬಾ ತಾಯಿ, ನೀನೇ ಒತ್ತಿ ನೋಡು."

ವಿಶಾಲು ಎದ್ದು ಬಂದು ನಮ್ಮ ಪೆಟ್ಟಿಗೆಯನ್ನು ಹಿಡಿದಳು. ಸೂರ್ಯನಿಗೆ ಬೆನ್ನು ಮಾಡಿ, ಸೆರಗಿನ ನೆರಳಲ್ಲಿ ಓಡಿಸಿದಳು. ಎಡ ತಿರುವಿನಲ್ಲಿ ಕೆಂಪು ಟೋಪಿಯವನು ಚಕ್ಕನೆ ಹೊರಳಿಕೊಂಡ. ಅವಳು ತಲೆಯೆತ್ತಿ ತಾಯಮ್ಮನ ಕಡೆ ನೋಡಿ, "ಸರಿಯಾಗೇ ಇದೆ ಅತ್ತೆ" ಎಂದಳು, ತಪ್ಪು ತಾನೇ ಮಾಡಿದವಳ ಹಾಗೆ ಮೆಲ್ಲಗೆ.

ಎಲ್ಲರೂ ತಾಯಮ್ಮನ ಮುಖ ನೋಡಿದರು. ಅವಳು ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲೈ ಕಳ್ಳಿ! ಒಂದೊರ್ಸ! ಬಟನ್ನು ಬಟನ್ನು ಅಂದ್ಕೊಂಡು ನನ್ನ ಮಡಕೆನೆಲ್ಲ ಪುಡಿ ಮಾಡ್ಸಿದ್ಯಲ್ಲೇ! ಆ ರೇಡಿಯೋದವನ್ನ ನಾನು ಎಷ್ಟು ಬೈದೆ, ಪಾಪದೋನ್ನ!" ಜನರನ್ನು ಸರಿಸಿಕೊಂಡು ಬಂದವಳು ನನ್ನ ಎಡಗೈಯನ್ನು ಕಿತ್ತುಕೊಂಡಂತೆ ಹಿಡಿದಳು. ಹೊಡೆಯುತ್ತಾಳೆಂದೇ ಅಂದುಕೊಂಡೆ. ಗೆಣ್ಣನ್ನು ಒತ್ತಿ ನೋಡಿದಳು, ತಿರುವಿ ನೋಡಿದಳು. "ಇಲ್ಲಿ ನೋವಾ? ಇಲ್ಲಿ? ಮಣ್ಣು ತುಳಿದು ತಟ್ಟೋಳಿಗೆ ಬೆರಳಿನ ನೋವು ಗೊತ್ತಿರಲ್ವಾ? ಅವತ್ತೇ ಒಂದು ಮಾತು ಹೇಳಿದ್ರೆ ಹರಳೆಣ್ಣೆ ಬಿಸಿ ಮಾಡಿ ತಿಕ್ತಿದ್ನಲ್ಲೇ! ಈಗ ನೋಡು, ಸೌದೆ ಆಗೈತೆ."

ರುದ್ರಪ್ಪನವರು ಎದ್ದು ನಿಂತು ಕೇಳಿದರು. "ಪೆಟ್ಟಿಗೆ ಇರ್ಲೋ, ಹೋಗ್ಲೋ?"

ಮೊದಲು ಕೂಗಿದ್ದು ಜವರಣ್ಣ. "ಇರ್ಲಿ! ಕಾಳಕ್ಕನ ಬೈಗುಳ ಇಲ್ದೆ ನಿನ್ನೆ ನಂಗೂ ನಿದ್ದೆ ಬಂದಂಗಾಗಿತ್ತು." ಆಮೇಲೆ ಊರೆಲ್ಲ "ಇರ್ಲಿ" ಎಂದಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ರುದ್ರಪ್ಪನವರ ಹೆಂಡತಿ.

"ಕೈ?" ಎಂದು ರುದ್ರಪ್ಪನವರು ಮುಂದೆ ಕೇಳಿದರು. ಅದನ್ನು ಕೇಳುವುದು ವಾಡಿಕೆಯಲ್ಲಿರಲಿಲ್ಲ. ಕೈ ಯಾರದೆಂದು ಯಾರೂ ಹೇಳುವ ಮುಂಚೆ ನಾನೇ ಪೆಟ್ಟಿಗೆಯನ್ನು ವಿಶಾಲುವಿನ ಮಡಿಲಿಗೆ ತಳ್ಳಿದೆ. "ಹದಿನೈದು ದಿನ ಪಕ್ಕದಲ್ಲಿ ಕೂತು ಕಲಿಸ್ತೀನಿ. ಒಂದೇ ಮಾತು, ಬೇಲೀಲಿ ಸಂದಿ ಕಂಡ್ರೂ ಕಣ್ಣು ಮುಚ್ಕೋ."

"ಮುಚ್ಕೋತೀನಿ ಅಕ್ಕ," ಎಂದಳು ವಿಶಾಲು. "ರುದ್ರಪ್ಪನೋರ ಮನೆಯಮ್ಮ ಈಗಾಗ್ಲೇ ಸಂದೀನೇ ಮುಚ್ಚಿಸಿದ್ದಾರೆ."

ಅವಳ ಹೊಸ ಪೆಟ್ಟಿಗೆಯನ್ನು ಚಾವಡಿಯ ಕಲ್ಲಿನ ಹತ್ತಿರ ತರುವಂತಿಲ್ಲ ಎಂದು ತೀರ್ಮಾನವಾಯಿತು. ದೂರ ಕೂತು ಯಾರು ಬೇಕಾದರೂ ಆಡಬಹುದು. ಈಗ ಅದು ಹೆಚ್ಚಾಗಿ ತಾಯಮ್ಮನ ಕೈಯಲ್ಲೇ ಇರುತ್ತದೆ. ಗೂಡು ಉರಿಸುವಾಗ ಮುಂದೆ ಕೂತು ಮೂವತ್ತೆರಡು ದಾರಿಗಳಲ್ಲೂ ಎಣ್ಣೆ ಚೆಲ್ಲಿಕೊಂಡು ಹೋಗುತ್ತಾಳೆ.

ಹದಿನೈದು ದಿನ ಕಳೆದು, ವಿಶಾಲು ಒಬ್ಬಳೇ ಕಲ್ಲಿನ ಮೇಲೆ ಕೂತ ಬೆಳಿಗ್ಗೆ, ಯಜಮಾನರು ಸೈಕಲ್ಲಿನ ಕ್ಯಾರಿಯರಿನ ಮೇಲೆ ಗೋಣಿಚೀಲ ಮಡಚಿ ಹಾಕಿದರು. ಹಾಲಿನ ಕ್ಯಾನುಗಳನ್ನು ಎರಡು ಪಕ್ಕಕ್ಕೆ ಇಳಿಬಿಟ್ಟಿದ್ದರು. "ಹತ್ತು" ಎಂದರು. ನನಗೆ ಹತ್ತುವುದು ಹೇಗೆಂದೇ ಮರೆತಿತ್ತು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೋದೆ. ಕೊನೆಗೆ ಕಟ್ಟೆಯ ಮೇಲೆ ನಿಂತು, ಅವರ ಭುಜ ಹಿಡಿದು ಕೂತೆ. ಚಾವಡಿಯಲ್ಲಿ ಆ ಒಂದೇ ರಾಗ ಮುಗಿಯಿತು. ನನ್ನ ಕೆಳಗೆ ಗಾಲಿ ತಾನಾಗಿ ಕದಲಿತು. ಅಯ್ಯೋ ಎಂದು ನಾನು ಕಿರುಚಿದ್ದಕ್ಕೆ ಬೀದಿಯೆಲ್ಲ ನಕ್ಕಿತು.

ಎಡ ತಿರುವಿಗೆ ಬಂದೆವು. ತಾಯಮ್ಮ ಪೊರಕೆ ಹಿಡಿದು ಜಗಲಿಯ ಮೇಲೆ ಕಾವಲು ನಿಂತಿದ್ದಳು. ಅತ್ತೆಯ ಮಡಕೆಗಳ ಹೆದರಿಕೆಗೆ ವಿಶಾಲು ಆ ತಿರುವನ್ನು ಎಷ್ಟು ನಿಧಾನ ಹಾಕಿದ್ದಳೆಂದರೆ, ಊರಿನ ಗಾಲಿಗಳೆಲ್ಲ ಅಲ್ಲಿ ನಿದ್ದೆ ಹೋದ ಮಗುವಿನ ತೊಟ್ಟಿಲು ದಾಟುವವರ ಹಾಗೆ ಸದ್ದಿಲ್ಲದೆ ಹೊರಳಿದವು. ನಮ್ಮ ಮುಂದೆ ಜವರಣ್ಣನ ಟೆಂಪೋ, ಪಕ್ಕದಲ್ಲಿ ಕಾಳಕ್ಕನ ತಳ್ಳುಗಾಡಿ. "ಹೋಗಯ್ಯ ಮುಂದೆ, ಆಮೆ!" ಎಂದು ಕಾಳಕ್ಕ ಟೆಂಪೋದವನನ್ನು ಬೈದಳು. ಅವನು ಹಾರನ್ ಹೊಡೆದ.

ಸಂಜೆ ಮರಳುವಾಗ ಯಜಮಾನರು ತಾಯಮ್ಮನ ಬಾಗಿಲಲ್ಲಿ ಸೈಕಲ್ಲು ನಿಲ್ಲಿಸಿದರು. ನಾನು ಕೆಳಗಿಳಿದೆ, ಸೊಂಟ ಹಿಡಿದುಹೋಗಿತ್ತು. ಅವರು ಕೂಗುತ್ತಾರೆಂದು ನಾನು ಕಾದೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. "ಕೂಗು" ಎಂದರು. "ನೀನೂ ಗಾಲಿ ಮೇಲೆ ಬಂದವಳಲ್ವಾ?"

ಇಷ್ಟು ವರ್ಷ ಕೇಳಿದ ಮಾತು. ಆದರೆ ನಾಲಿಗೆಗೆ ಹೊಸದು. ಬಾಗಿಲ ಕಡೆ ತಿರುಗಿ, "ವಿಶಾಲೂ, ಬಂದ್ವೀ!" ಎಂದು ಕೂಗಿದೆ.

ಒಳಗೆ ತಿಗರಿಯ ಸದ್ದು ನಿಂತಿತು. ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು. ಅವಳು ಹೊ‌ರಗೆ ಬರಲಿಲ್ಲ. ಬರಬಾರದು, ಒಳಗಿನಿಂದಲೇ ಹೇಳಬೇಕೆಂದು ನಾನೇ ಕಲಿಸಿದ್ದೆ.

"ಸರಿ ಕಣಕ್ಕಾ, ಒಳಗೋಗಿ."

ಹತ್ತೊಂಬತ್ತು ವರ್ಷ ನಾನು ಆಡಿದ ಮಾತು ಬೀದಿಯಲ್ಲಿ ನಿಂತವರಿಗೆ ಹೀಗೆ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಯಜಮಾನರು ಸೈಕಲ್ಲು ತಳ್ಳಿಕೊಂಡು ಮುಂದೆ ನಡೆದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದೆ ಹೋದೆ, ಕಾಲು ತೊಳೆದು, ಒಳಗೆ ಹೋಗಿ, ಯಾರಿಗೂ ಕಾಯದೆ ತಟ್ಟೆ ಹಾಕಿಕೊಂಡೆ.